‘ಫೈರ್‌ವಾಲ್ ಆಫ್ ಮಾಡ್ರಿ’ ಎಂಬ ರಾಮಬಾಣ

ಕಂಪ್ಯೂಟರ್ ರಿಪೇರಿಯ ಸಲಹೆಗಳಲ್ಲಿ ಒಂದು ಸಾಲು ಎಲ್ಲಿ ಹೋದರೂ ಎದುರಾಗುತ್ತೆ: ‘ಮೊದಲು ಫೈರ್‌ವಾಲ್ ಆಫ್ ಮಾಡಿ ನೋಡಿ.’ ಪ್ರಿಂಟರ್ ಸಿಗ್ತಿಲ್ವಾ, ಆಫ್ ಮಾಡಿ. ಪಕ್ಕದ ಕಂಪ್ಯೂಟರಿನ ಫೋಲ್ಡರ್ ಕಾಣ್ತಿಲ್ವಾ, ಆಫ್ ಮಾಡಿ. ಒಂದೇ ಡಬ್ಬಿಯೊಳಗೆ ವರ್ಚುವಲ್ ಮಷೀನ್ ಹಾಕ್ಕೊಂಡು, ಅದಕ್ಕೂ ಇದಕ್ಕೂ ಫೈಲ್ ದಾಟಿಸೋಕೆ ಆಗ್ತಿಲ್ವಾ, ಆಗಲೂ ಇದೇ ಮದ್ದು. ಹೊಟ್ಟೆನೋವಿಗೂ ತಲೆನೋವಿಗೂ ಒಂದೇ ಗುಳಿಗೆ ಕೊಡೋ ಡಾಕ್ಟರ ಹತ್ತಿರ ನೀವು ಎರಡನೇ ಸಲ ಹೋಗೋದಿಲ್ಲ. ಆದರೆ ಇಂಥ ಸಲಹೆ ಕೊಡೋ ವಿಡಿಯೋಗಳನ್ನ ಮಾತ್ರ ಲಕ್ಷಾಂತರ ಜನ ನೋಡ್ತಾರೆ, ‘ವರ್ಕ್ ಆಯ್ತು ಬ್ರೋ’ ಅಂತ ಕೆಳಗೆ ಬರೀತಾರೆ.

ಈ ಜಾತಿಯ ಸಲಹೆಯ ಬಗ್ಗೆ ನನ್ನ ತಕರಾರು ಅದು ಕೆಲಸ ಮಾಡಲ್ಲ ಅಂತಲ್ಲ. ಎಷ್ಟೋ ಸಲ ಮಾಡುತ್ತೆ. ಯಾಕೆ ಮಾಡ್ತು ಅಂತ ಹೇಳೋದಿಲ್ಲ, ತೆಗೆದ ಬಾಗಿಲನ್ನ ಮತ್ತೆ ಹಾಕು ಅಂತಲೂ ಹೇಳೋದಿಲ್ಲ. ತಕರಾರು ಅಲ್ಲಿದೆ.

ಆಫೀಸಿನ ಲ್ಯಾಪ್‌ಟಾಪಿನಲ್ಲಿ ಕೂತು ಇದನ್ನ ಓದ್ತಿರೋ ನಿಮಗೆ ಇದು ದೊಡ್ಡ ವಿಷಯ ಅನಿಸಲಿಕ್ಕಿಲ್ಲ. ನಿಮ್ಮ ಕಂಪನೀಲಿ ಐಟಿ ವಿಭಾಗ ಅಂತ ಒಂದಿದೆ. ನೀವು ಫೈರ್‌ವಾಲ್ ಆಫ್ ಮಾಡ್ತೀನಿ ಅಂದರೂ ಅದು ಬಿಡೋದಿಲ್ಲ. ನಮ್ಮೂರ ಕಡೆಯ ಅಂಗಡಿಗಳಲ್ಲಿ ಹಾಗಿಲ್ಲ. ನಿಡಗುಂದಿಯಂಥ ಊರನ್ನ ತಗೊಳ್ಳಿ. ಆಲಮಟ್ಟಿ ಆಣೆಕಟ್ಟಿನ ಮಗ್ಗುಲಲ್ಲಿರೋ ಊರು. ಮುಂಚೆ ಬಸವನ ಬಾಗೇವಾಡಿ ತಾಲೂಕಿನಲ್ಲಿತ್ತು, ಈಗ ತಾನೇ ಒಂದು ತಾಲೂಕು. ತಾಲೂಕು ಅಂದಮೇಲೆ ಕಚೇರಿ, ಕಚೇರಿ ಅಂದಮೇಲೆ ಅರ್ಜಿ, ಅರ್ಜಿ ಅಂದಮೇಲೆ ಝೆರಾಕ್ಸ್, ಡಿಟಿಪಿ, ಆನ್‌ಲೈನ್ ಸೆಂಟರ್. ಅಂಥ ಒಂದು ಅಂಗಡಿಯ ಒಂದೇ ಕಂಪ್ಯೂಟರಿನಲ್ಲಿ ಅರ್ಧ ಊರಿನ ಆಧಾರ್ ಕಾರ್ಡಿನ ಸ್ಕ್ಯಾನ್, ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಬಿದ್ದಿರುತ್ತೆ. ಅಲ್ಲಿ ಫೈರ್‌ವಾಲ್ ಆಫ್ ಆದರೆ ಹಾಳಾಗೋದು ಅಂಗಡಿಯವನ ಮನೆ ಒಂದೇ ಅಲ್ಲ.

ಸರಿ, ಝೆರಾಕ್ಸ್ ಅಂಗಡಿಯಲ್ಲಿ ವರ್ಚುವಲ್ ಮಷೀನಿಗೇನು ಕೆಲಸ? ಅದಕ್ಕೆ ಕಾರಣ ಕನ್ನಡ. ತಮಾಷೆ ಅಲ್ಲ.

ಮದುವೆ ಕಾರ್ಡು, ಜಾತ್ರೆ ಹ್ಯಾಂಡ್‌ಬಿಲ್ಲು, ಸೊಸೈಟಿ ವಾರ್ಷಿಕ ವರದಿ, ಇವೆಲ್ಲ ನಮ್ಮ ಕಡೆ ಇಪ್ಪತ್ತು ವರ್ಷದಿಂದ ಪೇಜ್‌ಮೇಕರ್‌ನಲ್ಲೇ ಆಗ್ತಾ ಬಂದಿವೆ. ಪೇಜ್‌ಮೇಕರ್‌ನ ಕೊನೇ ಆವೃತ್ತಿ 7. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಹಾಗಾಗಿ ಅದರಲ್ಲಿ ಕನ್ನಡ ಬರೆಯೋಕೆ ಹಳೇ ನುಡಿ, ಬರಹ, ಶ್ರೀಲಿಪಿಯಂಥ ಫಾಂಟುಗಳೇ ಬೇಕು. ಈ ಫಾಂಟುಗಳ ಉಪಾಯ ಸರಳ: ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನ ಕೂಡಿಸೋದು. ಕಣ್ಣಿಗೆ ಕನ್ನಡ, ಕಂಪ್ಯೂಟರಿನ ಲೆಕ್ಕಕ್ಕೆ ಇಂಗ್ಲಿಷು. ಫಾಂಟ್ ತೆಗೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಈ ಹಳೇ ಸರಂಜಾಮೆಲ್ಲ ವಿಂಡೋಸ್ ಎಕ್ಸ್‌ಪಿಯಲ್ಲಿ ಒಗ್ಗಿ ಕೂತಿತ್ತು. ಎಕ್ಸ್‌ಪಿಗೆ ಬೆಂಬಲ ನಿಂತಿದ್ದು 2014ರ ಏಪ್ರಿಲ್ 8ಕ್ಕೆ. ಹಳೇ ಡಬ್ಬಿ ಕೆಟ್ಟ ಮೇಲೆ ಬುದ್ಧಿವಂತರು ಒಂದು ದಾರಿ ಕಂಡುಕೊಂಡರು: ಹೊಸ ಕಂಪ್ಯೂಟರಿನಲ್ಲಿ ವಿಂಡೋಸ್ 10, ಅದರೊಳಗೆ ವರ್ಚುವಲ್‌ಬಾಕ್ಸ್, ಅದರೊಳಗೆ ಎಕ್ಸ್‌ಪಿ, ಎಕ್ಸ್‌ಪಿಯೊಳಗೆ ಪೇಜ್‌ಮೇಕರ್. ವಾಡೆ ಬಿದ್ದರೂ ದೇವರ ಕೋಣೆ ಉಳಿಸಿಕೊಂಡ ಹಾಗೆ.

ಇಲ್ಲಿಂದ ಶುರು ಫೈಲ್ ದಾಟಿಸೋ ಪಂಚಾಯ್ತಿ. ವಾಟ್ಸಾಪಿನಲ್ಲಿ ಬಂದ ವರ-ವಧುವಿನ ಫೋಟೋ ಹೊರಗಿನ ವಿಂಡೋಸ್ 10ರಲ್ಲಿರುತ್ತೆ, ಕಾರ್ಡು ಒಳಗಿನ ಎಕ್ಸ್‌ಪಿಯಲ್ಲಿ ತಯಾರಾಗುತ್ತೆ, ಪ್ರಿಂಟಿಗೆ ಮತ್ತೆ ಹೊರಗೆ ಬರಬೇಕು. ಇದಕ್ಕಾಗಿ ಎಕ್ಸ್‌ಪಿಯ ಒಂದು ಫೋಲ್ಡರನ್ನ ನೆಟ್‌ವರ್ಕ್ ಮೇಲೆ ಶೇರ್ ಮಾಡಿಟ್ಟಿರುತ್ತಾರೆ.

ಊರಿಗೆ ಹೋದಾಗ ‘ಕಂಪ್ಯೂಟರ್ ಕಲ್ತಾಂವ ಬಂದಾನ’ ಅಂತ ನಿಮ್ಮನ್ನೂ ಯಾರಾದರೂ ಕರೆದಿರ್ತಾರೆ. ನನ್ನನ್ನ ಒಂದು ಶ್ರಾವಣದಲ್ಲಿ ಹಾಗೆ ಕರೆದ ಅಂಗಡಿಯ ಕಾಕಾನ ಮಾತು ಹೀಗಿತ್ತು:

“ನೋಡ್ ತಮ್ಮಾ, ಕಾರಹುಣ್ಣಿಮಿ ತನಕಾ ಬರೋಬ್ಬರಿ ಇತ್ತು. ಈಗ ಹೊರಗಿಂದಕ್ಕ ಒಳಗಿಂದು ಕಾಣವಲ್ದು.”

“ಏನೇನ್ ಮಾಡಿ ನೋಡೀರಿ ಕಾಕಾ?”

“ವಿಡಿಯೋ ನೋಡಿ ಎಲ್ಲಾ ಆಫ್ ಮಾಡೀನಿ.”

“ಎಲ್ಲಾ ಅಂದ್ರ?”

“ಎಲ್ಲಾ ಅಂದ್ರ ಎಲ್ಲಾ.”

ಸುಳ್ಳಲ್ಲ. ಫೈರ್‌ವಾಲ್ ಆಫ್. ಆಂಟಿವೈರಸ್ ಆಫ್. ಪಾಸ್‌ವರ್ಡ್ ಕೇಳೋದು ಆಫ್. ಇಡೀ ಡಿ ಡ್ರೈವ್ ‘ಎವ್ರಿಒನ್’ಗೆ, ಅಂದರೆ ಯಾರಿಗೆ ಬೇಕಾದರೂ, ಓದೋಕೂ ಬರೆಯೋಕೂ ಅಳಿಸೋಕೂ ಮುಕ್ತ. ಇಷ್ಟಾದರೂ ಫೋಲ್ಡರ್ ಕಾಣ್ತಿರಲಿಲ್ಲ. ಯಾಕಂದ್ರೆ ಇವುಗಳಲ್ಲಿ ಒಂದೂ ಕಾರಣ ಆಗಿರಲಿಲ್ಲ. ಕಾರಣ ಏನು ಅಂತ ಪರದೆ ಮೇಲೇ ಬರೆದಿತ್ತು: ಈ ಫೋಲ್ಡರಿಗೆ ಎಸ್‌ಎಂಬಿ1 ಎಂಬ ಹಳೇ ವ್ಯವಸ್ಥೆ ಬೇಕು, ಅದು ಸುರಕ್ಷಿತ ಅಲ್ಲ, ಆದ್ದರಿಂದ ಜೋಡಿಸಲ್ಲ. ಅದು ಇಂಗ್ಲಿಷಿನಲ್ಲಿತ್ತು. ಕಾಕಾ ಅದನ್ನ ದಾಟಿ ವಿಡಿಯೋಕ್ಕೆ ಹೋದ. ವಿಡಿಯೋದವನಿಗೆ ಇಂಗ್ಲಿಷ್ ಬರುತ್ತೆ. ಆದರೂ ‘ಮೊದಲು ಪರದೆ ಮೇಲೆ ಏನು ಬರೆದಿದೆ ಓದಿ’ ಅಂತ ಅವನು ಹೇಳಲೇ ಇಲ್ಲ. ನನ್ನ ಪ್ರಕಾರ ಈ ಇಡೀ ಸಲಹಾ ಸಾಹಿತ್ಯದ ದೊಡ್ಡ ದೋಷ ಇದೇ. ರೋಗಿ ಬಾಯಿ ತೆರೆಯೋ ಮೊದಲೇ ಚೀಟಿ ಬರೆದು ಮುಗಿದಿರುತ್ತೆ.

ಎಸ್‌ಎಂಬಿ ಅಂದರೆ ನೆಟ್‌ವರ್ಕ್ ಮೇಲೆ ಫೈಲ್ ಹಂಚಿಕೊಳ್ಳೋಕೆ ಕಂಪ್ಯೂಟರುಗಳು ಆಡೋ ಭಾಷೆ. ಬ್ಯಾರಿ ಫೈಗನ್‌ಬಾಮ್ ಅನ್ನೋರು ಐಬಿಎಂನಲ್ಲಿದ್ದಾಗ 1983ರಲ್ಲಿ ಇದನ್ನ ಹುಟ್ಟಿಸಿದರು. ಎಕ್ಸ್‌ಪಿಗೆ ಬರೋದು ಇದರ ಮೊದಲ ತಲೆಮಾರು ಮಾತ್ರ. ಎರಡನೇದು ವಿಸ್ಟಾ ಜೊತೆ ಬಂತು, ಮೂರನೇದು 2012ರಲ್ಲಿ ವಿಂಡೋಸ್ 8ರ ಜೊತೆ. 2017ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ, ಹೊಸದಾಗಿ ಹಾಕಿದ ಕಂಪ್ಯೂಟರಿನಲ್ಲಿ ಎಸ್‌ಎಂಬಿ1ರ ಸರ್ವರ್ ಭಾಗ ಇರೋದೇ ಇಲ್ಲ. ಹೋಮ್ ಮತ್ತು ಪ್ರೊನಲ್ಲಿ ಕ್ಲೈಂಟ್ ಭಾಗ, ಅಂದರೆ ಬೇರೆ ಕಂಪ್ಯೂಟರಿನ ಫೋಲ್ಡರ್ ತೆರೆಯೋ ಭಾಗ, ಇರುತ್ತೆ. ಆದರೆ ಕಂಪ್ಯೂಟರ್ ಚಾಲೂ ಇದ್ದ ಒಟ್ಟು 15 ದಿನ ಯಾರೂ ಬಳಸದಿದ್ದರೆ ಅದೂ ತಾನಾಗೇ ಹೊರಟು ಹೋಗುತ್ತೆ.

ಈಗ ಕಾಕಾನ ಲೆಕ್ಕಕ್ಕೆ ಬನ್ನಿ. ಕಾರಹುಣ್ಣಿಮೆ ಆದಮೇಲೆ ಆಷಾಢ. ಆಷಾಢದಲ್ಲಿ ಮದುವೆ ಇಲ್ಲ. ಮದುವೆ ಇಲ್ಲ ಅಂದಮೇಲೆ ಕಾರ್ಡಿಲ್ಲ, ಪೇಜ್‌ಮೇಕರ್ ಇಲ್ಲ, ಎಕ್ಸ್‌ಪಿಯನ್ನ ಯಾರೂ ಮುಟ್ಟಿಲ್ಲ. ಹೊರಗಿನ ವಿಂಡೋಸ್ ಮಾತ್ರ ದಿನಾ ಅರ್ಜಿ ತುಂಬ್ತಾ ಚಾಲೂ ಇತ್ತು. ದಿನಕ್ಕೆ ಹತ್ತೋ ಹನ್ನೆರಡೋ ತಾಸು ಅಂತ ಇಟ್ಟುಕೊಂಡರೂ ಆಷಾಢ ಮುಗಿಯೋದರೊಳಗೆ ಲೆಕ್ಕ ಕೂಡುತ್ತೆ. ಶ್ರಾವಣಕ್ಕೆ ಮೊದಲ ಕಾರ್ಡು ಬಂತು, ಬಾಗಿಲು ಮುಚ್ಚಿತ್ತು. ಪಂಚಾಂಗ ನೋಡದೆ ಈ ದೋಷ ಪತ್ತೆ ಆಗ್ತಿರಲಿಲ್ಲ. ಯಾವ ದೇಶದ ವಿಡಿಯೋದವನಿಗೂ ಇದು ಹೊಳೆಯೋದಿಲ್ಲ, ಆ ಮಾತು ಒಪ್ಪೋಣ. ಆದರೆ ‘ಕೊನೇ ಸಲ ಯಾವಾಗ ಸರಿ ಇತ್ತು? ಆಮೇಲೆ ಏನು ಬದಲಾಯ್ತು?’ ಅಂತ ಕೇಳೋಕೆ ಪಂಚಾಂಗ ಬೇಕಿಲ್ಲ.

ಆಲಮಟ್ಟಿ ಕೆನಾಲಿನ ಕೊನೇ ತುದಿಯ ರೈತನನ್ನ ನೋಡಿ. ಹೊಲಕ್ಕೆ ನೀರು ಬರ್ತಿಲ್ಲ ಅಂದರೆ ಅವನು ಆಣೆಕಟ್ಟಿನ ಎಲ್ಲ ಗೇಟು ತೆಗೀರಿ ಅಂತ ಶುರು ಮಾಡೋದಿಲ್ಲ. ತನ್ನ ಹೊಲಗಾಲುವೆಯಿಂದ ಮೇಲಕ್ಕೆ ನಡೀತಾನೆ. ಹೊಲಗಾಲುವೇಲಿ ಕಸ ಕಟ್ಟಿದೆಯೋ, ಮೇಲಿನವನು ಮಣ್ಣು ಹಾಕಿದ್ದಾನೋ, ಉಪಕಾಲುವೆಯ ಗೇಟು ಮುಚ್ಚಿದೆಯೋ. ಎಲ್ಲಿ ತನಕ ನೀರಿದೆ, ಎಲ್ಲಿಂದ ಇಲ್ಲ, ಆ ಜಾಗ ಸಿಗೋ ತನಕ ನಡೀತಾನೆ. ನೆಟ್‌ವರ್ಕ್ ದೋಷ ಹುಡುಕೋದೂ ಇಷ್ಟೇ. ಹೊರಗಿನ ಕಂಪ್ಯೂಟರಿಗೂ ಒಳಗಿನ ಮಷೀನಿಗೂ ನಡುವೆ ಐದು ಗೇಟು ಇವೆ. ಒಂದೊಂದನ್ನೇ ನೋಡಬೇಕು.

ಮೊದಲನೇದು ದಾರಿ. ವರ್ಚುವಲ್‌ಬಾಕ್ಸಿನಲ್ಲಿ ಹೊಸ ಮಷೀನ್ ಮಾಡಿದರೆ ಅದರ ನೆಟ್‌ವರ್ಕ್ ‘ನ್ಯಾಟ್’ ಅಂತ ಇರುತ್ತೆ. ಒಳಗಿನ ಮಷೀನಿಗೆ 10.0.2.15 ಅನ್ನೋ ವಿಳಾಸ ಸಿಗುತ್ತೆ. ಅಲ್ಲಿಂದ ಹೊರಗೆ ಹೋಗಬಹುದು, ಹೊರಗಿನ ಕಂಪ್ಯೂಟರನ್ನ 10.0.2.2 ಅಂತ ಕರೀಬಹುದು. ಹೊರಗಿನಿಂದ ಒಳಗೆ ಮಾತ್ರ, ಪೋರ್ಟ್ ಫಾರ್ವರ್ಡಿಂಗ್ ಇಡದೆ, ಬರೋಕಾಗಲ್ಲ. ಒಳಗಿನ ಫೋಲ್ಡರನ್ನ ಹೊರಗಿನಿಂದ ತೆರೀಬೇಕು ಅನ್ನೋನು ನ್ಯಾಟ್ ಇಟ್ಕೊಂಡು ಫೈರ್‌ವಾಲ್ ಆಫ್ ಮಾಡಿದರೆ, ದಾರಿಯೇ ಇಲ್ಲದ ಕಡೆ ಬಾಗಿಲು ತೆಗೆದಿಟ್ಟು ಕಾದ ಹಾಗೆ. ‘ಬ್ರಿಜ್ಡ್’ ಮಾಡಿದರೆ ಒಳಗಿನ ಮಷೀನಿಗೆ ರೂಟರಿನಿಂದಲೇ ವಿಳಾಸ ಸಿಗುತ್ತೆ, ಅಂಗಡಿಯ ವೈಫೈ ಹಿಡಿದ ಎಲ್ಲರಿಗೂ ಅದು ಕಾಣುತ್ತೆ. ‘ಹೋಸ್ಟ್-ಓನ್ಲಿ’ ಮಾಡಿದರೆ ಹೊರಗಿನದು, ಒಳಗಿನದು ಇವೆರಡರ ನಡುವೆ ಮಾತ್ರ ಖಾಸಗಿ ಓಣಿ. ಅಲ್ಲಿ ಹೊರಗಿನ ಕಂಪ್ಯೂಟರ್ ಸಾಮಾನ್ಯವಾಗಿ 192.168.56.1 ಆಗಿರುತ್ತೆ. ಫೈಲ್ ದಾಟಿಸೋಕೆ ಬೇಕಾಗಿರೋದು ಈ ಓಣಿ ಅಷ್ಟೇ.

ಎರಡನೇದು ಬಾಗಿಲು. ಎಸ್‌ಎಂಬಿಯ ಬಾಗಿಲಿನ ನಂಬರ್ 445. ಪಿಂಗ್ ಮಾಡಿ ಉತ್ತರ ಬರಲಿಲ್ಲ ಅಂತ ದಾರಿಯೇ ಇಲ್ಲ ಅಂದುಕೊಳ್ಳಬೇಡಿ, ವಿಂಡೋಸ್ ಫೈರ್‌ವಾಲ್ ಪಿಂಗನ್ನ ತಡೆದಿರಬಹುದು. ನೇರವಾಗಿ 445ನ್ನೇ ಬಡಿದು ನೋಡಿ. ವಿಂಡೋಸ್ 10ರ ಪವರ್‌ಶೆಲ್‌ನಲ್ಲಿ ‘ಟೆಸ್ಟ್-ನೆಟ್‌ಕನೆಕ್ಷನ್’ ಅಂತ ಒಂದು ಆಜ್ಞೆ ಇದೆ, ವಿಳಾಸದ ಜೊತೆ ಪೋರ್ಟ್ ನಂಬರ್ ಕೊಟ್ಟರೆ ಹೌದು-ಇಲ್ಲ ಹೇಳುತ್ತೆ. ಎಕ್ಸ್‌ಪಿಯಲ್ಲಾದರೆ ಹಳೇ ಟೆಲ್‌ನೆಟ್ ಸಾಕು. ಪರದೆ ಖಾಲಿಯಾಗಿ ನಿಂತರೆ ಬಾಗಿಲು ತೆಗೆದಿದೆ ಅಂತ ಅರ್ಥ. ಇಲ್ಲಿ ಫೈರ್‌ವಾಲ್ ನಿಜವಾಗಲೂ ಅಡ್ಡ ಬರೋ ಸಂದರ್ಭ ಒಂದಿದೆ: ಹೋಸ್ಟ್-ಓನ್ಲಿ ಓಣಿಗೆ ಗೇಟ್‌ವೇ ಇರಲ್ಲ, ಹಾಗಾಗಿ ವಿಂಡೋಸ್ ಅದನ್ನ ‘ಗುರುತಿಲ್ಲದ ನೆಟ್‌ವರ್ಕ್’ ಅಂತ ಪಬ್ಲಿಕ್ ಪಟ್ಟಿಗೆ ಸೇರಿಸುತ್ತೆ, ಫೈಲ್ ಶೇರಿಂಗ್ ತಡೆಯುತ್ತೆ. ರಾಮಬಾಣದ ಖ್ಯಾತಿ ಹುಟ್ಟಿದ್ದು ಇಂಥ ಕಡೆ. ಆದರೆ ಇದಕ್ಕೆ ಇಡೀ ಗೋಡೆ ಕೆಡವಬೇಕಿಲ್ಲ. ಫೈಲ್ ಶೇರಿಂಗ್ ನಿಯಮವನ್ನ ಆ 192.168.56 ಓಣಿಗಷ್ಟೇ ಬಿಟ್ಟರೆ ಮುಗೀತು.

ಮೂರನೇದು ಹೆಸರು. ಕಂಪ್ಯೂಟರಿನ ಹೆಸರು ಹಾಕಿದರೆ ಸಿಗಲ್ಲ, ಐಪಿ ವಿಳಾಸ ಹಾಕಿದರೆ ಸಿಗುತ್ತೆ ಅಂದರೆ ದೋಷ ಹೆಸರು ಹುಡುಕೋದರಲ್ಲಿದೆ, ಶೇರಿಂಗ್‌ನಲ್ಲಲ್ಲ. ‘ನೆಟ್‌ವರ್ಕ್’ ಅನ್ನೋ ಪಟ್ಟೀಲಿ ಐಕಾನ್ ಕಾಣದಿದ್ದರೂ ಫೋಲ್ಡರ್ ತೆರೆಯಬಹುದು. ಕಾಣೋದು ಬೇರೆ, ತೆರೆಯೋದು ಬೇರೆ.

ನಾಲ್ಕನೇದು ಭಾಷೆ. ಕಾಕಾನ ಗೇಟು ಇದು. ಒಬ್ಬರಿಗೆ ಎಸ್‌ಎಂಬಿ1 ಮಾತ್ರ ಬರುತ್ತೆ, ಇನ್ನೊಬ್ಬರು ಅದನ್ನ ಬಿಟ್ಟಿದ್ದಾರೆ. ಹೊರಗಡೆ ಲಿನಕ್ಸ್ ಇದ್ದರೂ ಇದೇ ಕಥೆ: ಅಲ್ಲಿ ಎಸ್‌ಎಂಬಿ ಮಾತಾಡೋದು ಸಾಂಬಾ, ಅದೂ 2019ರ 4.11 ಆವೃತ್ತಿಯಿಂದ ಎಸ್‌ಎಂಬಿ1ನ್ನ ಸುಮ್ಮನಿರಿಸಿದೆ.

ಐದನೇದು ಗುರುತು ಮತ್ತು ಹಕ್ಕು. ಪಾಸ್‌ವರ್ಡ್ ಇಲ್ಲದ ಖಾತೆಯಿಂದ ನೆಟ್‌ವರ್ಕ್ ಮೂಲಕ ಒಳಬರೋದನ್ನ ವಿಂಡೋಸ್ ಎಕ್ಸ್‌ಪಿ ಕಾಲದಿಂದಲೂ ತಡೆಯುತ್ತೆ. ‘ಪಾಸ್‌ವರ್ಡೇ ಇಲ್ಲ, ಆದ್ರೂ ಕೇಳ್ತದಲ್ಲೋ’ ಅನ್ನೋ ದೂರಿಗೆ ಉತ್ತರ ಅದು. ದಿನಾ ಒತ್ತೋ ನಾಲ್ಕಂಕಿಯ ಪಿನ್ ನೆಟ್‌ವರ್ಕಿಗೆ ನಡೆಯಲ್ಲ, ಖಾತೆಯ ನಿಜವಾದ ಪಾಸ್‌ವರ್ಡೇ ಬೇಕು. ಅದು ಸರಿ ಇದ್ದರೂ ಶೇರ್‌ನ ಅನುಮತಿ, ಡಿಸ್ಕಿನ ಮೇಲಿನ ಫೋಲ್ಡರ್ ಅನುಮತಿ ಅಂತ ಎರಡಿವೆ. ಎರಡರಲ್ಲಿ ಬಿಗಿಯಾದದ್ದೇ ಗೆಲ್ಲುತ್ತೆ. ಇದು ಗೊತ್ತಿಲ್ಲದೋನು ಒಂದು ಕಡೆ ‘ಎವ್ರಿಒನ್’ ಅಂತ ಬರೆದು, ಇನ್ನೊಂದು ಕಡೆ ಹಾಗೇ ಬಿಟ್ಟು, ಮತ್ತೆ ಫೈರ್‌ವಾಲಿಗೆ ಬೈತಾನೆ.

ಐದು ಗೇಟಿನಲ್ಲಿ ಫೈರ್‌ವಾಲಿನ ಪಾಲು ಒಂದು. ಆದರೂ ಎಲ್ಲ ಕಡೆ ಅದನ್ನೇ ಮೊದಲು ಬಲಿ ಕೊಡ್ತಾರೆ. ಯಾಕೆ? ಆಫ್ ಮಾಡೋದು ಸುಲಭ, ವಿಡಿಯೋದಲ್ಲಿ ತೋರಿಸೋಕೂ ಚೆನ್ನ. ವಿಚಾರಿಸೋದು ಬೇಜಾರಿನ ಕೆಲಸ.

ವಿಡಿಯೋದ ಕೊನೇ ಮದ್ದು ಎಸ್‌ಎಂಬಿ1ನ್ನ ವಾಪಸ್ ಆನ್ ಮಾಡೋದು. ಕಾಕಾ ಅಲ್ಲಿ ತನಕ ಹೋಗಿರಲಿಲ್ಲ, ಪುಣ್ಯ. ಹೋಗಿದ್ದರೆ ಫೋಲ್ಡರ್ ತಕ್ಷಣ ತೆರೀತಿತ್ತು, ‘ವರ್ಕ್ ಆಯ್ತು’ ಅನ್ನಬಹುದಿತ್ತು. ಎಲ್ಲಕ್ಕಿಂತ ಕೆಟ್ಟ ಸಲಹೆ ಇದೇ. 2017ರ ಮೇ 12ರಂದು ವನ್ನಾಕ್ರೈ ಅನ್ನೋ ರ‍್ಯಾನ್ಸಮ್‌ವೇರ್ ಹಬ್ಬಿತಲ್ಲ, ಅದು ನುಗ್ಗಿದ್ದು ವಿಂಡೋಸ್‌ನ ಎಸ್‌ಎಂಬಿ1ರಲ್ಲಿದ್ದ ಒಂದು ಬಿರುಕಿನಿಂದ. ಸುಮಾರು 150 ದೇಶಗಳಿಗೆ ತಟ್ಟಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಪಾಯಿಂಟ್‌ಮೆಂಟ್, ಆಪರೇಷನ್ ಮುಂದೂಡಬೇಕಾಯ್ತು. ಆ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ತೇಪೆ ಕೊಟ್ಟಿತ್ತು. ಎಕ್ಸ್‌ಪಿಗೆ ಬೆಂಬಲ ನಿಂತು ಮೂರು ವರ್ಷ ಆಗಿದ್ದರೂ, ಅವತ್ತು ಅದಕ್ಕೂ ತುರ್ತಾಗಿ ತೇಪೆ ಬಿಡುಗಡೆ ಮಾಡಬೇಕಾಯ್ತು. ಇಡೀ ಊರಿನ ಆಧಾರ್ ಸ್ಕ್ಯಾನ್ ಇಟ್ಕೊಂಡ ಕಂಪ್ಯೂಟರಿನಲ್ಲಿ, ಅದೂ ಫೈರ್‌ವಾಲ್ ಆಫ್ ಇರೋ ಕಂಪ್ಯೂಟರಿನಲ್ಲಿ, ಆ ಹಳೇ ಬಾಗಿಲನ್ನ ಮತ್ತೆ ತೆಗೀರಿ ಅಂತ ಹೇಳೋನು, ಆಮೇಲೆ ಏನಾಗುತ್ತೆ ಅಂತ ನೋಡೋಕೆ ನಿಡಗುಂದಿಗೆ ಬರೋದಿಲ್ಲ.

ಹಾಗಾದರೆ ಏನು ಮಾಡೋದು? ಎಸ್‌ಎಂಬಿ1 ಆನ್ ಮಾಡೋದಾ ಬೇಡವಾ ಅನ್ನೋ ಪ್ರಶ್ನೆಯನ್ನೇ ಪಕ್ಕಕ್ಕಿಡಿ. ಒಂದೇ ಡಬ್ಬಿಯೊಳಗಿರೋ ಎರಡು ವ್ಯವಸ್ಥೆಗಳಿಗೆ ನೆಟ್‌ವರ್ಕ್ ಯಾಕೆ ಬೇಕು? ಪಡಸಾಲೆಯಿಂದ ಅಡುಗೆಮನೆಗೆ ಹೋಗೋಕೆ ಯಾರೂ ಓಣಿ ಸುತ್ತಿ ಬರೋದಿಲ್ಲ. ವರ್ಚುವಲ್‌ಬಾಕ್ಸಿನಲ್ಲೇ ‘ಶೇರ್ಡ್ ಫೋಲ್ಡರ್’ ಅಂತ ಸೌಲಭ್ಯ ಇದೆ. ಒಳಗಿನ ಮಷೀನಿನಲ್ಲಿ ಗೆಸ್ಟ್ ಅಡಿಷನ್ಸ್ ಹಾಕಿ, ಹೊರಗಿನ ಒಂದು ಫೋಲ್ಡರನ್ನ ತೋರಿಸಿದರೆ, ಒಳಗೆ ಅದು ಒಂದು ಡ್ರೈವಿನ ಹಾಗೆ ಕೂಡುತ್ತೆ. ಅದರ ವಿಳಾಸ ನೆಟ್‌ವರ್ಕ್ ವಿಳಾಸದ ಹಾಗೇ ಕಾಣುತ್ತೆ, ‘ವಿಬಾಕ್ಸ್‌ಎಸ್‌ವಿಆರ್’ ಅಂತ ಸರ್ವರ್ ಹೆಸರೂ ಇರುತ್ತೆ. ಆದರೆ ಅದು ನೆಟ್‌ವರ್ಕ್ ಅಲ್ಲ. 445 ಬೇಡ, ಎಸ್‌ಎಂಬಿ ಬೇಡ, ಪಾಸ್‌ವರ್ಡ್ ಬೇಡ. ಮಷೀನಿನ ನೆಟ್‌ವರ್ಕ್ ಕೇಬಲ್ಲನ್ನ ಸೆಟ್ಟಿಂಗಿನಲ್ಲಿ ಕಿತ್ತಿಟ್ಟರೂ ಇದು ನಡೆಯುತ್ತೆ. ಕಿತ್ತಿಡಲೇಬೇಕು ಕೂಡ, 2014ರಲ್ಲಿ ಬೆಂಬಲ ನಿಂತ ಎಕ್ಸ್‌ಪಿಗೆ ಇಂಟರ್ನೆಟ್ಟಿನ ಗಾಳಿ ತಾಕಬಾರದು.

ಇದರಲ್ಲೂ ಒಂದು ಎಚ್ಚರ ಇದೆ. ಇಡೀ ಡ್ರೈವನ್ನ ಶೇರ್ಡ್ ಫೋಲ್ಡರ್ ಮಾಡಬೇಡಿ. ಒಳಗೆ ವೈರಸ್ ಇದ್ದರೆ ತೋರಿಸಿದಷ್ಟನ್ನೂ ಅದು ಮುಟ್ಟುತ್ತೆ. ಎರಡು ಸಣ್ಣ ಫೋಲ್ಡರ್ ಸಾಕು: ಒಳಗೆ ಕಳಿಸೋ ಫೋಟೋಗೆ ಓದೋಕಷ್ಟೇ ಬರೋ ಒಂದು, ತಯಾರಾದ ಪಿಡಿಎಫ್ ಹೊರಗೆ ಬರೋಕೆ ಇನ್ನೊಂದು. ಕಾಕಾನ ಅಂಗಡೀಲಿ ಇದನ್ನ ಮಾಡೋಕೆ ಅರ್ಧ ತಾಸು ಹಿಡೀತು. ಆಫ್ ಮಾಡಿದ್ದನ್ನೆಲ್ಲ ಹುಡುಕಿ ಹುಡುಕಿ ಮತ್ತೆ ಆನ್ ಮಾಡೋಕೆ ಒಂದೂವರೆ ತಾಸು. ಸಲಹೆಯ ನಿಜವಾದ ಬೆಲೆ ಈ ಒಂದೂವರೆ ತಾಸು. ಬಹಳ ಅಂಗಡಿಗಳಲ್ಲಿ ಆ ಬೆಲೆ ಕಟ್ಟೋರು ಯಾರೂ ಇರಲ್ಲ, ಬಾಗಿಲುಗಳು ತೆಗೆದೇ ಇರುತ್ತವೆ.

ಬೈಗುಳವನ್ನೆಲ್ಲ ವಿಡಿಯೋದವರ ತಲೆಗೇ ಕಟ್ಟೋದೂ ನ್ಯಾಯ ಅಲ್ಲ. ಪರದೆ ಮೇಲಿನ ಸಂದೇಶಗಳದ್ದೂ ಪಾಲಿದೆ. ಎಸ್‌ಎಂಬಿ1ರ ಸಂದೇಶವೇನೋ ಪ್ರಾಮಾಣಿಕ. ಆದರೆ ‘ನೆಟ್‌ವರ್ಕ್ ಪಾತ್ ಸಿಗಲಿಲ್ಲ’ ಅಂತ 80070035 ಅನ್ನೋ ಕೋಡಿನ ಜೊತೆ ಬರುತ್ತಲ್ಲ, ಅದು ಮೊದಲ ನಾಲ್ಕು ಗೇಟುಗಳಲ್ಲಿ ಯಾವುದು ಮುಚ್ಚಿದ್ದರೂ ಬರಬಹುದು. ಬರೋದಿಲ್ಲ ಅಂತ ಹೇಳ್ತದೆ, ಎಲ್ಲಿ ತನಕ ಬಂತು ಅಂತ ಹೇಳೋದಿಲ್ಲ. ಸಂದೇಶ ಹೀಗೆ ಮೊಗಮ್ಮಾಗಿ ಇದ್ದಾಗ, ಅದೂ ಓದುವವನ ಭಾಷೆಯಲ್ಲಿ ಇಲ್ಲದಾಗ, ರಾಮಬಾಣ ಮಾರೋರು ಹುಟ್ಟಿಕೊಳ್ಳೋದು ಸಹಜ.

ಕೊನೆಗೆ ಉಳಿಯೋದು ಕನ್ನಡದ ಪಾಲು. ಫೈಲು ಹೊರಗೆ ಬಂತು ಅಂದಮಾತ್ರಕ್ಕೆ ಹಂಚಿಕೊಂಡಂಗಾಯ್ತಾ? ಎಕ್ಸ್‌ಪಿಯಿಂದ ಬಂದ ಆ ಪಿಡಿಎಫ್ ತೆರೆದರೆ ಕನ್ನಡ ಕಾಣುತ್ತೆ. ಅದರಿಂದ ಒಂದು ಹೆಸರನ್ನ ಕಾಪಿ ಮಾಡಿ ವಾಟ್ಸಾಪಿಗೆ ಹಾಕಿ, ಚಿಹ್ನೆಗಳ ಗೊಬ್ಬರ ಬರುತ್ತೆ. ಇಪ್ಪತ್ತು ವರ್ಷದ ಸೊಸೈಟಿ ವರದಿ, ಜಾತ್ರೆಯ ಪತ್ರಿಕೆ, ಸಂಘದ ಠರಾವು ಎಲ್ಲ ಫೋಲ್ಡರಿನಲ್ಲಿವೆ. ಹುಡುಕಿದರೆ ಒಂದೂ ಸಿಗಲ್ಲ, ಯಾಕಂದ್ರೆ ಕಂಪ್ಯೂಟರಿನ ಲೆಕ್ಕಕ್ಕೆ ಅವು ಕನ್ನಡವೇ ಅಲ್ಲ. ವಿಚಿತ್ರ ನೋಡಿ, ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಎಕ್ಸ್‌ಪಿಯಲ್ಲೇ ತುಂಗಾ ಅನ್ನೋ ಯೂನಿಕೋಡ್ ಫಾಂಟ್ ಕೂತಿತ್ತು. ಕಾಲಿಟ್ಟಿದ್ದ ಮನೆಯಲ್ಲೇ ಬೆಳಕಿತ್ತು, ನಾವು ಪೇಜ್‌ಮೇಕರ್‌ನ ಕೋಣೆ ಬಿಟ್ಟು ಹೊರಗೆ ಬರಲಿಲ್ಲ.

ಹಳೇ ಫಾಂಟಿನ ಪಠ್ಯವನ್ನ ಯೂನಿಕೋಡಿಗೆ ತಿರುಗಿಸೋ ಪರಿವರ್ತಕಗಳು ಈಗ ಪುಕ್ಕಟೆ ಸಿಗುತ್ತವೆ. ಅರ್ಕಾವೊತ್ತು, ಅಂಕಿಗಳಲ್ಲಿ ಅಲ್ಲಲ್ಲಿ ತಪ್ಪು ಉಳಿಯಬಹುದು, ಕೈಯಿಂದ ತಿದ್ದಬೇಕು. ಪುಟ ಕಟ್ಟೋಕೆ ಯೂನಿಕೋಡ್ ಬಲ್ಲ ಸ್ಕ್ರೈಬಸ್, ಇನ್‌ಡಿಸೈನ್ ಇವೆ. ಒಂದೇ ದಿನ ಎಲ್ಲ ಬದಲಾಗಲ್ಲ, ಶ್ರಾವಣದ ಕಾರ್ಡು ನಾಳೆಗೇ ಬೇಕು. ಹಳೇದಕ್ಕೆ ಎಕ್ಸ್‌ಪಿ ಇರಲಿ, ಕೇಬಲ್ ಕಿತ್ತು ಇರಲಿ. ಹೊಸದಾಗಿ ಬರೋ ಪ್ರತಿ ಕೆಲಸವನ್ನಾದರೂ ಯೂನಿಕೋಡಿನಲ್ಲಿ ಶುರು ಮಾಡಬಹುದು. ಆಗ ಒಳಗಿನ ಮಷೀನಿನ ಕೆಲಸ ವರ್ಷದಿಂದ ವರ್ಷಕ್ಕೆ ಕಮ್ಮಿಯಾಗುತ್ತೆ, ಒಂದು ಆಷಾಢದಲ್ಲಿ ಮುಚ್ಚಿದ್ದು ಶ್ರಾವಣದಲ್ಲಿ ತೆಗೆಯೋ ಅಗತ್ಯವೇ ಬೀಳೋದಿಲ್ಲ.

ಊರಿಂದ ಫೋನ್ ಬಂದಾಗ ಸಲಹೆ ಕೊಡೋರು ನಾವೇ ತಾನೇ. ‘ಆಫ್ ಮಾಡಿ ನೋಡಿ’ ಅನ್ನೋ ಮೊದಲು ಮೂರು ಮಾತು ಕೇಳೋಣ: ಪರದೆ ಮೇಲೆ ಏನು ಬರೆದಿದೆ ಓದಿ ಹೇಳ್ರಿ, ಕೊನೇ ಸಲ ಯಾವಾಗ ಸರಿ ಇತ್ತು, ಯಾವ ಗೇಟಿನ ತನಕ ನೀರು ಬಂದಿದೆ. ಒಂದು ವೇಳೆ ಪರೀಕ್ಷೆಗೆ ಅಂತ ಏನಾದರೂ ಆಫ್ ಮಾಡಿಸಿದರೆ, ಅದನ್ನ ಮತ್ತೆ ಆನ್ ಮಾಡಿಸೋ ತನಕ ಫೋನ್ ಇಡೋದು ಬೇಡ.